ನಿಮಗಿದು ಗೊತ್ತೇ? ಕಂಪ್ರೆಸರ್ ಮುಳ್ಳು ಏಕೆ ಏರುತ್ತಿಲ್ಲ?

ಶಿವಮೊಗ್ಗ ಇರುವುದು ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿ. ಇಲ್ಲಿನ ಗಾಳಿ ಮಂಗಳೂರಿನದಕ್ಕಿಂತ ಶೇ. 6ರಷ್ಟು ತೆಳು. ಒಂದೇ ಅಳತೆಯ ಕಂಪ್ರೆಸರ್ ಸವಳಂಗ ರಸ್ತೆಯ ಗ್ಯಾರೇಜಿನಲ್ಲಿ ಟ್ಯಾಂಕ್ ತುಂಬಲು ಕರಾವಳಿಗಿಂತ ತುಸು ಹೆಚ್ಚು ಹೊತ್ತು ಹಿಡಿದರೆ ಅದು ರೋಗವಲ್ಲ. ಮೊನ್ನೆವರೆಗೆ ಹತ್ತು ನಿಮಿಷದಲ್ಲಿ ತುಂಬುತ್ತಿದ್ದದ್ದು ಇಂದು ಅರ್ಧ ಗಂಟೆಗೂ ತುಂಬದಿದ್ದರೆ ರೋಗ.

ರೋಗ ಎಲ್ಲಿದೆ ಎಂದು ತಿಳಿಯಲು ಕಾಸು ಖರ್ಚಿಲ್ಲ. ಟ್ಯಾಂಕ್ ತುಂಬಿಸಿ, ಮೋಟಾರ್ ನಿಲ್ಲಿಸಿ, ಪೈಪಿಗೆ ಹೋಗುವ ವಾಲ್ವ್ ಮುಚ್ಚಿ ಗೇಜಿನ ಮುಳ್ಳು ನೋಡುತ್ತ ಕೂರಿ. ಮುಳ್ಳು ಇಳಿದರೆ ಸೋರಿಕೆ ಟ್ಯಾಂಕಿನ ಕಡೆ. ಇಳಿಯದಿದ್ದರೆ ವಾಲ್ವ್ ತೆರೆದು ಪೈಪು, ಕಪ್ಲಿಂಗ್‌ಗಳಿಗೆ ಸೋಪಿನ ನೀರು ಹಚ್ಚಿ. ಅಲ್ಲೂ ಗುಳ್ಳೆ ಏಳದಿದ್ದರೆ ಮಾತ್ರ ಫಿಲ್ಟರ್, ಬೆಲ್ಟ್, ವಾಲ್ವ್, ರಿಂಗ್ ಕಡೆ ತಿರುಗಿ. ಇದೇ ಕ್ರಮದಲ್ಲಿ, ಅಗ್ಗದ್ದು ಮೊದಲು. ಬೆಲ್ಟ್ ಸಡಿಲವಾಗಿದೆ ಎಂದು ತಿಳಿಯಲು ಹೆಡ್ ಬಿಚ್ಚಬೇಕಿಲ್ಲ!

ಒಂದು ಮಿಲಿಮೀಟರ್ ತೂತಿನಿಂದ 7 ಬಾರ್ (ಗ್ಯಾರೇಜಿನ ಲೆಕ್ಕದಲ್ಲಿ 100 ಪೌಂಡ್) ಒತ್ತಡದಲ್ಲಿ ನಿಮಿಷಕ್ಕೆ 60-70 ಲೀಟರ್ ಗಾಳಿ ಹೋಗುತ್ತದೆ. 3 ಎಚ್‌ಪಿ ಕಂಪ್ರೆಸರ್ ಕೊಡುವ ಗಾಳಿಯಲ್ಲಿ ಅದು ಹೆಚ್ಚುಕಮ್ಮಿ ಕಾಲು ಭಾಗ.

ಮೋಟಾರ್ ನಿಂತಾಗ ಒಮ್ಮೆ ‘ಪುಸ್’ ಎನ್ನುವುದು ಆರೋಗ್ಯದ ಲಕ್ಷಣ. ಹೆಡ್‌ನಲ್ಲಿ ಉಳಿದ ಗಾಳಿ ಹೊರಬಿದ್ದರೆ ಮೋಟಾರ್ ಮತ್ತೆ ಹಗುರವಾಗಿ ಎದ್ದೇಳುತ್ತದೆ. ಆದರೆ ಆ ಸದ್ದು ನಿಲ್ಲದೆ ‘ಸ್‌ಸ್‌ಸ್’ ಎಂದು ಮುಂದುವರಿದರೆ ಟ್ಯಾಂಕಿನ ನಾನ್ ರಿಟರ್ನ್ ವಾಲ್ವ್ ಕೂರುತ್ತಿಲ್ಲ.

ಕಮ್ಮಾರನ ತಿದಿಯೊಳಗೆ ಗಾಳಿಯನ್ನು ಒಳಕ್ಕೆ ಬಿಟ್ಟು, ಬಂದ ದಾರಿಯಲ್ಲೇ ಹೊರಹೋಗದಂತೆ ತಡೆಯುವ ಮುಚ್ಚಳವಿರುತ್ತದೆ. ಹೆಡ್ ಒಳಗಿನ ವಾಲ್ವ್‌ನ ಉಕ್ಕಿನ ಪಟ್ಟಿಯದೂ ಅದೇ ಕೆಲಸ. ಓಡುತ್ತಿರುವಾಗ ಏರ್ ಫಿಲ್ಟರ್ ಬಾಯಿಗೆ ಅಂಗೈ ಒಡ್ಡಿ: ಗಾಳಿ ವಾಪಸ್ ಹೊಡೆಯುತ್ತಿದ್ದರೆ ಒಳಸೇದುವ ವಾಲ್ವ್ ಕೆಟ್ಟಿದೆ. ಕ್ರ್ಯಾಂಕ್‌ಕೇಸಿನ ಬ್ರೀದರ್‌ನಿಂದ ಎಣ್ಣೆಹೊಗೆ ಬರುತ್ತಿದ್ದರೆ ಪಿಸ್ಟನ್ ರಿಂಗ್ ಸವೆದಿದೆ. ಎರಡು ಹಂತದ ಯಂತ್ರದಲ್ಲಿ ನಡುವಿನ ಕೂಲರ್‌ನ ಸೇಫ್ಟಿ ವಾಲ್ವ್ ಹಾರುತ್ತಿದ್ದರೆ ಬಯ್ಯಬೇಕಾದ್ದು ಸೇಫ್ಟಿ ವಾಲ್ವನ್ನಲ್ಲ, ಚಿಕ್ಕ ಸಿಲಿಂಡರಿನ ವಾಲ್ವನ್ನು.

ಗಾಳಿಯ ಒತ್ತಡದ ಕಥೆ ಈ ಜಿಲ್ಲೆಗೆ ಹೊಸದಲ್ಲ. 1923ರಲ್ಲಿ ಶುರುವಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಊದುಕುಲುಮೆ ಮಲೆನಾಡಿನ ಇದ್ದಿಲಿನಿಂದ ಉರಿಯುತ್ತಿತ್ತು. ಇದ್ದಿಲು ಎಷ್ಟಿದ್ದರೇನು, ಕೆಳಗಿನಿಂದ ಗಾಳಿ ಊದುವುದು ನಿಂತರೆ ಕುಲುಮೆಯೂ ನಿಂತಂತೆ.

ಮಳೆಗಾಲದ ಗಾಳಿಯಲ್ಲಿ ಘನ ಮೀಟರಿಗೆ ಸುಮಾರು 20 ಗ್ರಾಂ ನೀರಾವಿ ಇರುತ್ತದೆ. 3 ಎಚ್‌ಪಿ ಯಂತ್ರ ಎಡೆಬಿಡದೆ ಓಡಿದರೆ ಗಂಟೆಗೆ ಕಾಲು ಲೀಟರ್ ನೀರು ಟ್ಯಾಂಕಿನ ತಳ ಸೇರಬಹುದು. ನೀರು ತುಂಬಿದಷ್ಟೂ ಗಾಳಿಗೆ ಜಾಗ ಕಡಿಮೆ. ‘ನಮ್ಮ ಕಂಪ್ರೆಸರ್ ಈಗೀಗ ಬೇಗ ತುಂಬುತ್ತೆ ಮಾರಾಯ್ರೇ’ ಎಂದು ಖುಷಿಪಡುವವರು ಡ್ರೈನ್ ಕಾಕ್ ತೆರೆದು ನೋಡಲಿ. ಬೇಗ ತುಂಬಿದ್ದು ಬೇಗ ಖಾಲಿಯೂ ಆಗುತ್ತದೆ. ಆ ನೀರು ಗಾಳಿಯೊಂದಿಗೆ ಹೋದರೆ ಸ್ಪ್ರೇ ಪೇಂಟ್ ಹೊಡೆದ ಬಾಗಿಲ ಮೇಲೆ ಗುಳ್ಳೆ ಏಳುತ್ತದೆ.

ಲೈನ್ ರಿಪೇರಿಯಾದ ಮೇಲೆ ಫೇಸ್ ಅದಲುಬದಲಾಗಿ ಮೋಟಾರ್ ಉಲ್ಟಾ ತಿರುಗಿದರೂ ಪಿಸ್ಟನ್ ಕಂಪ್ರೆಸರ್ ಗಾಳಿ ತುಂಬುತ್ತದೆ. ಆದ್ದರಿಂದಲೇ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಫ್ಲೈವೀಲ್‌ನ ರೆಕ್ಕೆಗಳು ಸಿಲಿಂಡರಿನತ್ತ ಗಾಳಿ ಬೀಸುವುದು ತಪ್ಪಿ, ಹೆಡ್ ಕಾದು ವಾಲ್ವ್ ಸುಡುತ್ತದೆ. ಫ್ಲೈವೀಲ್ ಮೇಲಿನ ಬಾಣದ ಗುರುತು ನೋಡಿ.

ಟ್ಯಾಂಕಿಗೆ ಗೊತ್ತುಪಡಿಸಿದ ಸುರಕ್ಷಿತ ಒತ್ತಡವನ್ನು ಮೀರಕೂಡದು ಎಂದು 1948ರ ಕಾರ್ಖಾನೆಗಳ ಕಾಯ್ದೆಯ 31ನೇ ಸೆಕ್ಷನ್ ಹೇಳುತ್ತಿತ್ತು. ನಾಲ್ಕು ಜನರ ವರ್ಕ್‌ಶಾಪಿಗೆ ಇಂಥ ಕಾಯ್ದೆ ಅನ್ವಯಿಸದಿರಬಹುದು, ಸ್ಫೋಟ ಅನ್ವಯಿಸುತ್ತದೆ. ಸೇಫ್ಟಿ ವಾಲ್ವ್ ಬಿಗಿದು ಒತ್ತಡ ಏರಿಸಬೇಡಿ. ಗಾಳಿ ಪೂರ್ತಿ ಬಿಡದೆ ಒಂದು ನಟ್ಟನ್ನೂ ಮುಟ್ಟಬೇಡಿ. ತಳ ತುಕ್ಕು ಹಿಡಿದು ಸೋರುವ ಟ್ಯಾಂಕಿಗೆ ವೆಲ್ಡಿಂಗ್ ತೇಪೆ ಹಾಕಿಸದೆ ಗುಜರಿಗೆ ಕೊಟ್ಟುಬಿಡಿ.