ಬಾನಿನಿಂದ ಇಳಿಯುವ ರಕ್ತ

ಹೋಟೆಲಿನ ಉದ್ಯೋಗದಲ್ಲಿ ಕಾಲ ಕಳೆದವರಿಗೆ ಒಂದು ಲೆಕ್ಕ ಚೆನ್ನಾಗಿ ಗೊತ್ತು. ಹಿಟ್ಟು ಹೆಚ್ಚು ರುಬ್ಬಿದರೆ ಹುಳಿಯಾಗಿ ಹಾಳಾಗುತ್ತದೆ. ಕಡಿಮೆ ರುಬ್ಬಿದರೆ ಗಿರಾಕಿ ಹಸಿದ ಹೊಟ್ಟೆಯಲ್ಲಿಯೇ ಹಿಂದಿರುಗುತ್ತಾನೆ. ಹಿಟ್ಟಿನ ಮಾತಾದರೆ ನಷ್ಟ ಕೆಲವು ರೂಪಾಯಿಗಳದು. ಇದೇ ಲೆಕ್ಕ ರಕ್ತದ ವಿಷಯದಲ್ಲಿ ತಪ್ಪಿದರೆ ನಷ್ಟ ಒಂದು ಪ್ರಾಣದ್ದು.

ರಕ್ತವನ್ನು ಕಾರ್ಖಾನೆಯಲ್ಲಿ ತಯಾರಿಸಲು ಬಾರದು. ದಾನವಾಗಿ ಬಂದ ರಕ್ತದ ಕೆಂಪು ಕಣಗಳನ್ನು ತಂಪಿನಲ್ಲಿರಿಸಿದರೂ ಐದಾರು ವಾರ ಮಾತ್ರ ಬಳಸಬಹುದು. ಪ್ಲೇಟ್‌ಲೆಟ್‌ಗಳಿಗಾದರೋ ಸಾಮಾನ್ಯವಾಗಿ 5 ದಿನಗಳಷ್ಟೇ ಆಯುಷ್ಯ. ಹಳ್ಳಿಯ ಆಸ್ಪತ್ರೆಯೊಂದು ಎಲ್ಲ ಗುಂಪುಗಳ ರಕ್ತವನ್ನೂ ಶೇಖರಿಸಿಟ್ಟರೆ ಬಹುಭಾಗ ಚೆಲ್ಲಬೇಕಾದೀತು. ಇರಿಸದಿದ್ದರೆ, ಹೆರಿಗೆಯ ಅನಂತರ ರಕ್ತಸ್ರಾವದಿಂದ ಬಳಲುವ ಬಾಣಂತಿಗೆ ಸಮಯಕ್ಕೆ ರಕ್ತ ದೊರೆಯದು.

ಆಫ್ರಿಕದ ರುವಾಂಡ ದೇಶಕ್ಕೆ ‘ಸಾವಿರ ಬೆಟ್ಟಗಳ ನಾಡು’ ಎಂದು ಹೆಸರು. ಘಟ್ಟದ ದಾರಿಯಲ್ಲಿ ಪ್ರಯಾಣ ಮಾಡಿದ ನಮ್ಮ ವಾಚಕರಿಗೆ ಅಲ್ಲಿಯ ರಸ್ತೆಗಳ ಪರಿ ವಿವರಿಸಬೇಕಾಗಿಲ್ಲ. ಅಮೆರಿಕದ ಜಿಪ್‌ಲೈನ್ ಎಂಬ ಕಂಪನಿಯು 2016ರ ಅಕ್ಟೋಬರಿನಲ್ಲಿ ಅಲ್ಲಿಯ ಸರಕಾರದ ಸಹಕಾರದಿಂದ ಮುಹಾಂಗ ಎಂಬಲ್ಲಿ ಒಂದು ಕೇಂದ್ರವನ್ನು ತೆರೆಯಿತು. ರಕ್ತದ ದಾಸ್ತಾನು ಕೇಂದ್ರದಲ್ಲಿ. ಆಸ್ಪತ್ರೆಯಿಂದ ಕೋರಿಕೆ ಬಂದೊಡನೆ ಸುಮಾರು ಒಂದೂಮುಕ್ಕಾಲು ಕಿಲೋ ಹೊರೆಯನ್ನು ಹೊತ್ತ ಡ್ರೋನ್ ಕವಣೆಯಂಥ ಯಂತ್ರದಿಂದ ಆಕಾಶಕ್ಕೆ ಚಿಮ್ಮುತ್ತದೆ. ಅದರ ವೇಗ ಗಂಟೆಗೆ ಸುಮಾರು 100 ಕಿಲೋಮೀಟರು. ಸುಮಾರು 80 ಕಿಲೋಮೀಟರು ದೂರದವರೆಗೆ ಹೋಗಿಬರಬಲ್ಲುದು. ಆಸ್ಪತ್ರೆಯ ಬಳಿ ಅದು ಇಳಿಯುವುದಿಲ್ಲ. ಕಾಗದದ ಪ್ಯಾರಾಚೂಟ್ ಕಟ್ಟಿದ ಪೆಟ್ಟಿಗೆಯನ್ನು ಕೆಳಕ್ಕೆ ಬಿಟ್ಟು ಮರಳುತ್ತದೆ. ಹಿಂದಿರುಗಿದಾಗ ಕಂಬಗಳ ನಡುವೆ ಬಿಗಿದ ಹಗ್ಗಕ್ಕೆ ಬಾಲದ ಕೊಕ್ಕೆ ಸಿಲುಕಿ ನಿಲ್ಲುತ್ತದೆ.

ಇಂಥ ಕಂಪನಿಯ ಇಂಜಿನಿಯರರ ಕೆಲಸವೇನು? ವಿಮಾನ ಹಾರಿಸುವುದು ಎಂದು ಹೇಳಿದರೆ ಅರ್ಧ ಹೇಳಿದಂತಾಯಿತು. ಹಾರುತ್ತಿರುವಾಗ ಏನಾದರೂ ಕೆಟ್ಟರೆ ಗತಿಯೇನು ಎಂದು ಮೊದಲೇ ಯೋಚಿಸಿಡುವುದು ಉಳಿದ ಅರ್ಧ. ಆ ಡ್ರೋನಿಗೆ ಮೋಟಾರುಗಳು ಎರಡು. ಒಂದು ನಿಂತರೂ ಇನ್ನೊಂದರಿಂದ ಹಾರಬಲ್ಲುದು. ಹಾರಾಟವೇ ಅಸಾಧ್ಯವಾದರೆ ಇಡೀ ವಿಮಾನವನ್ನು ಮೆಲ್ಲನೆ ಇಳಿಸಲು ಬೇರೊಂದು ಪ್ಯಾರಾಚೂಟ್ ಇದೆ. ಬುಡದಲ್ಲಿ ಜನವಸತಿ ಇದೆ ಎಂಬ ಅರಿವು ಈ ಏರ್ಪಾಟಿನಲ್ಲಿದೆ. ಪ್ರತಿ ಹಾರಾಟಕ್ಕೂ ಮುನ್ನ ರೆಕ್ಕೆಯ ಚಲಿಸುವ ಭಾಗಗಳನ್ನು ಫೋನಿನ ಕ್ಯಾಮರಾದಿಂದ ಪರೀಕ್ಷಿಸುತ್ತಾರೆ.

ಇನ್ನೊಂದು ಯುಕ್ತಿ ನಮಗೆ ಬಹಳ ಹಿಡಿಸಿತು. ಉಪಗ್ರಹಗಳ ಸಂಕೇತದಿಂದ ತಾನಿರುವ ಸ್ಥಳವನ್ನು ತಿಳಿಸುವ ಜಿ.ಪಿ.ಎಸ್. ಉಪಕರಣಕ್ಕೆ ವಿದ್ಯುತ್ ಕೊಟ್ಟ ಮೇಲೆ ಸಿದ್ಧವಾಗಲು ಹೊತ್ತು ಹಿಡಿಯುತ್ತದೆ. ಇಂಜಿನಿಯರರು ಅದನ್ನು ಬ್ಯಾಟರಿಯ ಪೆಟ್ಟಿಗೆಯಲ್ಲಿಯೇ ಇರಿಸಿದರು. ಬ್ಯಾಟರಿಯನ್ನು ಜೋಡಿಸುವ ಹೊತ್ತಿಗೆ ಉಪಕರಣ ಸಿದ್ಧವಾಗಿರುತ್ತದೆ. ಗಿರಾಕಿ ಬಂದ ಮೇಲೆ ಕಾವಲಿ ಕಾಯಿಸುವವನು ಹೋಟೆಲು ನಡೆಸಲಾರನಷ್ಟೆ!

ಫಲವೇನಾಯಿತು? 2022ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಪ್ರಕಟವಾದ ರುವಾಂಡದ ಅಧ್ಯಯನದಂತೆ, ಸೇವೆ ದೊರೆತ ಆಸ್ಪತ್ರೆಗಳಲ್ಲಿ ಅವಧಿ ಮೀರಿ ಹಾಳಾಗುವ ರಕ್ತ ಹನ್ನೆರಡು ತಿಂಗಳ ಬಳಿಕ ಶೇಕಡಾ 67ರಷ್ಟು ಇಳಿದಿತ್ತು.

ನಮ್ಮ ದೇಶವೂ ಸುಮ್ಮನೆ ಕುಳಿತಿಲ್ಲ. 2021ರ ಜೂನಿನಲ್ಲಿ ನಮ್ಮ ಗೌರಿಬಿದನೂರಿನ ಬಳಿ ಔಷಧ ಸಾಗಣೆಯ ಡ್ರೋನ್ ಪ್ರಯೋಗ ನಡೆಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೈದರಾಬಾದಿಗೆ ಸಮೀಪದ ವಿಕಾರಾಬಾದಿನಲ್ಲಿ, ಅಕ್ಟೋಬರಿನಲ್ಲಿ ಮಣಿಪುರದಲ್ಲಿ. ಮಣಿಪುರದ ಬಿಷ್ಣುಪುರದಿಂದ ಲೋಕ್ತಾಕ್ ಸರೋವರದ ಕರಾಂಗ್ ದ್ವೀಪಕ್ಕೆ ಕೋವಿಡ್ ಲಸಿಕೆಯು ಹದಿನೈದು ನಿಮಿಷಗಳೊಳಗೆ ತಲುಪಿತು.

ಆದರೆ ಡ್ರೋನ್ ಬಂತೆಂದು ರಸ್ತೆಯನ್ನು ಮರೆಯುವಂತಿಲ್ಲ. ಅದು ರೋಗಿಯನ್ನು ಹೊರಲಾರದು. ಈ ಕಾರ್ಯದಲ್ಲಿ ಇಂಜಿನಿಯರರು ಮಾತ್ರ ಇದ್ದಾರೆಂದೂ ತಿಳಿಯಬಾರದು. ಬ್ಯಾಟರಿ ಜೋಡಿಸುವವರು, ರಕ್ತವನ್ನು ಕಟ್ಟಿಕೊಡುವವರು, ಕೋರಿಕೆಯನ್ನು ಬರೆದುಕೊಳ್ಳುವವರು ಎಲ್ಲರೂ ಬೇಕು. ರುವಾಂಡದಲ್ಲಿ ಇವರೆಲ್ಲ ಬಹುಮಟ್ಟಿಗೆ ಆ ನಾಡಿನ ತರುಣ ತರುಣಿಯರೇ. ರಕ್ತದ ಗುಂಪಿನ ಒಂದಕ್ಷರ ತಪ್ಪಾಗಿ ಬರೆದರೆ ವಿಮಾನದ ವೇಗವೆಲ್ಲ ವ್ಯರ್ಥ. ನಮ್ಮ ಗುಮಾಸ್ತ ಬಂಧುಗಳಿಗೆ ಈ ಮಾತಿನ ತೂಕ ತಿಳಿದೀತು. ಹಗಲು ದುಡಿದು ರಾತ್ರಿ ಓದುವ ನಮ್ಮ ಹುಡುಗರು ಈ ವಿದ್ಯೆಯತ್ತಲೂ ಕಣ್ಣು ಹಾಯಿಸಲಿ. ಉಳಿದ ನಾವು ವರ್ಷಕ್ಕೊಮ್ಮೆಯಾದರೂ ರಕ್ತದಾನ ಮಾಡೋಣ; ದಾನಿ ತೋಳು ಚಾಚದಿದ್ದರೆ ವಿಮಾನಕ್ಕೆ ಹೊರಲು ಹೊರೆಯೇ ಇರದು.