ಓಣಿಯ ಹೆಸರಿನಲ್ಲಿ ಉಳಿದ ಊರು

ಪರವೂರಿನಲ್ಲಿ ನೆಲೆಸಿರುವ ನಾವು ವಿಳಾಸಗಳನ್ನು ಎಷ್ಟೋ ಬಾರಿ ಬರೆಯುತ್ತೇವೆ. ಬೀದಿಗೆ ಆ ಹೆಸರು ಏಕೆ ಬಂತೆಂದು ವಿಚಾರಿಸುವುದು ಅಪರೂಪ. ವಿಚಾರಿಸಿದರೆ ಎಂತಹ ಚರಿತ್ರೆ ತೆರೆದುಕೊಳ್ಳುತ್ತದೆ ಎಂಬುದಕ್ಕೆ ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್‌ನ ಹಳೆಯ ಪಟ್ಟಣ ‘ಗಾಮ್ಲಾ ಸ್ತಾನ್’ ಒಳ್ಳೆಯ ನಿದರ್ಶನ. ಸ್ಟಾಕ್‌ಹೋಮ್‌ನ ಹೆಸರು 1252ರ ದಾಖಲೆಯಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ.

ಸ್ವೀಡಿಷ್ ಭಾಷೆಯಲ್ಲಿ ‘ಗಾತನ್’ ಎಂದರೆ ಬೀದಿ, ‘ಗ್ರೆಂಡ್’ ಎಂದರೆ ಓಣಿ. ಇಲ್ಲಿನ ಶೋಪ್‌ಮಾನ್‌ಗಾತನ್ ವರ್ತಕರ ಬೀದಿ, ಸ್ಕೂಮಾಕರ್‌ಗಾತನ್ ಚಮ್ಮಾರರ ಬೀದಿ. ಸ್ವಾರ್ತ್‌ಮಾನ್‌ಗಾತನ್ ಎಂಬುದು ಕಪ್ಪು ನಿಲುವಂಗಿಯ ಡೊಮಿನಿಕನ್ ಸಂನ್ಯಾಸಿಗಳ ನೆನಪು. 1336ರಲ್ಲಿ ಸ್ಥಾಪನೆಗೊಂಡ ಅವರ ಮಠ 16ನೇ ಶತಮಾನದಲ್ಲಿ ಕೆಡವಲ್ಪಟ್ಟಿತು. ಬೀದಿಯ ಹೆಸರು ಮಾತ್ರ ಅಳಿಯಲಿಲ್ಲ.

ಕೆಲವು ಹೆಸರುಗಳು ಸವೆದು ಗುರುತು ಮರೆಸಿಕೊಂಡಿವೆ. ಶಿಂಡ್‌ಸ್ತುಗಾತನ್ ಎಂಬ ಬೀದಿಯ ಹಳೆಯ ಹೆಸರಿನಲ್ಲಿದ್ದ ಪದಕ್ಕೆ ‘ಕಪಾಳಮೋಕ್ಷ’ ಎಂಬ ಅರ್ಥವಿತ್ತು! ಇಕ್ಕಟ್ಟಾದ, ಕತ್ತಲೆಯ ಆ ದಾರಿಯಲ್ಲಿ ನಡೆದವರಿಗೆ ಏನು ದೊರೆಯಬಹುದಿತ್ತೆಂಬುದನ್ನು ನಾವು ಊಹಿಸಬಹುದು.

ಪರವೂರಿಗರ ಪಾಲೂ ಇಲ್ಲಿ ಹಿರಿದು. ಜರ್ಮನ್ ವರ್ತಕರು ಮಧ್ಯಯುಗದಲ್ಲಿ ಇಲ್ಲಿ ಎಷ್ಟು ಪ್ರಬಲರಾಗಿದ್ದರೆಂದರೆ, ನಗರಸಭೆಯಲ್ಲಿ ಅವರ ಸಂಖ್ಯೆ ಅರ್ಧವನ್ನು ಮೀರಬಾರದೆಂದು ಕಾನೂನೇ ಮಾಡಬೇಕಾಯಿತು. 1471ರಲ್ಲಿ ಆ ಸ್ಥಾನಗಳೂ ತಪ್ಪಿದವು. ಆದರೂ ‘ಜರ್ಮನರ ಇಳಿಜಾರು’ ಎಂಬ ಅರ್ಥದ ತೀಸ್ಕಾ ಬ್ರಿಂಕೆನ್ ಇಂದಿಗೂ ಉಂಟು.

ಪಟ್ಟಣದ ಅತ್ಯಂತ ಕಿರಿದಾದ ಓಣಿಗೂ ಜರ್ಮನಿಯಿಂದ ಬಂದ ವರ್ತಕನೊಬ್ಬನದೇ ಹೆಸರು. 90 ಸೆಂಟಿಮೀಟರಿನಷ್ಟೇ ಅಗಲವಾಗುವ, 36 ಮೆಟ್ಟಿಲುಗಳ ಈ ಓಣಿಯ ಹೆಸರು ಮೋರ್ಟೆನ್ ಟ್ರೋಟ್ಜಿಗ್ಸ್ ಗ್ರೆಂಡ್. 1581ರಲ್ಲಿ ಸ್ಟಾಕ್‌ಹೋಮ್‌ಗೆ ಬಂದ ಟ್ರೋಟ್ಜಿಗ್ ಲೋಹದ ವ್ಯಾಪಾರದಿಂದ ಸಿರಿವಂತನಾಗಿ, ಇಲ್ಲಿ ಮನೆಗಳನ್ನು ಕೊಂಡು, 1617ರಲ್ಲಿ ತೀರಿಕೊಂಡ. ಅವನ ಕಾಲದಲ್ಲಿ ಜನರಿಗೆ ಇದು ಬರಿಯ ‘ಮೆಟ್ಟಿಲೋಣಿ’. 19ನೇ ಶತಮಾನದಲ್ಲಿ ಬೇಲಿ ಹಾಕಿ ಮುಚ್ಚಿದ್ದ ದಾರಿ 1945ರಲ್ಲಿ ತೆರೆಯಿತು. 1949ರಲ್ಲಿ ಟ್ರೋಟ್ಜಿಗ್‌ನ ಹೆಸರನ್ನು ಇದಕ್ಕೆ ಅಧಿಕೃತವಾಗಿ ಇಡಲಾಯಿತು.

ಹೊರಗಿನಿಂದ ಬಂದು ನೆಲೆಸಿದವನನ್ನು ಆ ಊರು ಮುನ್ನೂರು ವರ್ಷಗಳ ಬಳಿಕ ತನ್ನವನೆಂದು ನೆನೆಯಿತು. ನೆನಪು ತಾನಾಗಿ ಉಳಿಯುವುದಿಲ್ಲ, ಉಳಿಸಿಕೊಳ್ಳಬೇಕು. ನಾವು ವಾಸಿಸುವ ಬೀದಿಯ ಹೆಸರಿನ ಅರ್ಥವನ್ನು ಇಂದೇ ಮಕ್ಕಳೊಡನೆ ಹುಡುಕತೊಡಗಬಾರದೇಕೆ?