ಕಾಲ್ಚೆಂಡಾಟದ ಮನೆವಾರ್ತೆ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಕೇಳದ ಗೃಹಸ್ಥನು ನಮ್ಮಲ್ಲಿ ಇರಲಾರನು. ಆದರೆ ಆ ಹಾಸಿಗೆಯ ಉದ್ದವನ್ನು ಅಳೆಯುವವರಾರು, ಅಳತೆಗೋಲು ಯಾರ ಕೈಯಲ್ಲಿದೆ ಎಂಬುದನ್ನು ಯೋಚಿಸುವವರು ವಿರಳ. ಈಚಿನ ವರುಷಗಳಲ್ಲಿ ಲೋಕದ ಅತಿ ಜನಪ್ರಿಯ ಆಟವಾದ ಕಾಲ್ಚೆಂಡಾಟವನ್ನು ಕಾಡುತ್ತಿರುವುದು ಇದೇ ಪ್ರಶ್ನೆ. ಅದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಪುತ್ತೂರು, ಸುಳ್ಯ, ಕಡಬ ಸೀಮೆಯ ಯಾವುದೇ ಭಜನಾ ಮಂದಿರದ ವಾರ್ಷಿಕೋತ್ಸವದ ಏಲಮನ್ನು ನೆನೆದರೆ ಸಾಕು.

ಭಕ್ತರು ತಂದೊಪ್ಪಿಸಿದ ಫಲವಸ್ತುಗಳನ್ನು ಅಂದು ಏಲಂ ಹಾಕುವುದುಂಟಷ್ಟೆ. ಸಂತೆಯಲ್ಲಿ ಮುನ್ನೂರು ರೂಪಾಯಿಗೆ ದೊರೆಯುವ ಕದಳಿಗೊನೆಯು ಮೂರು ಸಾವಿರಕ್ಕೆ ಏರುತ್ತದೆ. ಕೊಂಡವನು ಮೋಸಹೋದನೆಂದು ಯಾರೂ ಮರುಗುವುದಿಲ್ಲ. ಗೊನೆಯ ಬೆಲೆ ಮುನ್ನೂರು, ಉಳಿದುದು ದೇವರ ಕಾಣಿಕೆ ಎಂಬುದು ಕೊಟ್ಟವನಿಗೂ ಗೊತ್ತು, ಪಡೆದವರಿಗೂ ಗೊತ್ತು. ಆದರೆ ಮರುದಿನ ಮಂದಿರದ ಕಾರ್ಯದರ್ಶಿಯು ಬಾಳೆಗೊನೆಯ ಧಾರಣೆ ಮೂರು ಸಾವಿರವೆಂದು ಬರೆದಿಟ್ಟು, ಆ ಬಲದಿಂದ ಮುಂದಿನ ವರುಷದ ಖರ್ಚನ್ನು ಹತ್ತು ಪಾಲು ಮಾಡಿಕೊಂಡರೆ ಏನೆನ್ನೋಣ? ದಾನವು ಸತ್ಯ, ಲೆಕ್ಕವು ಮಾತ್ರ ಸುಳ್ಳು. ಯುರೋಪಿನ ಕ್ಲಬ್ಬುಗಳ ವಿಷಯವಾಗಿ ನಡೆದಿರುವ ವಾದದ ತಿರುಳು ಈ ಬಾಳೆಗೊನೆಯಲ್ಲಿದೆ.

ಅಲ್ಲಿ ನಿಯಮದ ಅಗತ್ಯವೇಕೆ ಬಂತು? ಇಂಗ್ಲೆಂಡಿನ ಪೋರ್ಟ್ಸ್‌ಮತ್ ಎಂಬ ಬಂದರಿನ ಕ್ಲಬ್ಬು ೨೦೦೮ರಲ್ಲಿ ಆ ದೇಶದ ಪ್ರತಿಷ್ಠಿತ ಎಫ್.ಎ. ಕಪ್ಪನ್ನು ಗೆದ್ದಿತು. ಶಕ್ತಿಮೀರಿದ ಸಂಬಳ ಕೊಟ್ಟು ಆಟಗಾರರನ್ನು ಕೂಡಿಹಾಕಿದ್ದ ಆ ಕ್ಲಬ್ಬು ಎರಡೇ ವರುಷಗಳಲ್ಲಿ ಸಾಲ ತೀರಿಸಲಾರದೆ ಆಡಳಿತಾಧಿಕಾರಿಗಳ ವಶಕ್ಕೆ ಹೋಯಿತು. ೨೦೧೩ರ ಹೊತ್ತಿಗೆ ನಾಲ್ಕನೆಯ ದರ್ಜೆಗೆ ಇಳಿಯಿತು. ಇದು ಒಂಟಿ ಸಂಗತಿಯಲ್ಲ. ಯುಇಎಫ್‌ಎ ಎಂಬ ಯುರೋಪಿನ ಕಾಲ್ಚೆಂಡು ಒಕ್ಕೂಟವು ೨೦೦೯ರಲ್ಲಿ ೬೫೫ ಕ್ಲಬ್ಬುಗಳ ಲೆಕ್ಕ ತೆಗೆಸಿ ನೋಡಲಾಗಿ, ಅರ್ಧಕ್ಕಿಂತ ಹೆಚ್ಚಿನವು ನಷ್ಟದಲ್ಲಿದ್ದವು. ಮರುವರುಷವೇ ಅದು ಹೊಸ ಕಟ್ಟಳೆಯನ್ನು ಅಂಗೀಕರಿಸಿತು: ಆಟದಿಂದ ಬಂದ ಆದಾಯವೆಷ್ಟೋ ಹೆಚ್ಚುಕಡಮೆ ಅಷ್ಟೇ ವೆಚ್ಚ ಮಾಡತಕ್ಕದ್ದು. ಕ್ರೀಡಾಂಗಣ ಕಟ್ಟಿಸುವ, ಎಳೆಯರನ್ನು ತರಬೇತುಗೊಳಿಸುವ ಖರ್ಚನ್ನು ಈ ಲೆಕ್ಕದಿಂದ ಹೊರಗಿಟ್ಟರು. ತೆಂಗಿನ ಸಸಿ ನೆಡುವ ಖರ್ಚನ್ನೂ ಮದುವೆಯ ಆಡಂಬರವನ್ನೂ ಒಂದೇ ತಕ್ಕಡಿಯಲ್ಲಿ ತೂಗದ ಯಜಮಾನನ ವಿವೇಕವಿದು.

ಆದಾಯದಷ್ಟೇ ವೆಚ್ಚವೆಂದೊಡನೆ ಧನಿಕರಾದ ಧಣಿಗಳಿಗೆ ಒಂದು ಉಪಾಯ ಹೊಳೆಯಿತು. ವೆಚ್ಚವನ್ನು ತಗ್ಗಿಸುವ ಕಷ್ಟವೇಕೆ, ಆದಾಯವನ್ನೇ ಉಬ್ಬಿಸಿದರಾಯಿತು! ಆಟಗಾರರ ಅಂಗಿಯ ಮೇಲೆ ಕಂಪೆನಿಯೊಂದರ ಹೆಸರು ಬರೆಯಿಸಿ ಅದಕ್ಕೆ ಹಣ ಪಡೆಯುವುದು ನ್ಯಾಯವಾದ ವ್ಯಾಪಾರ. ಆದರೆ ಆ ಕಂಪೆನಿಯೂ ಧಣಿಯ ನೆಂಟಸ್ತಿಕೆಯದೇ ಆಗಿದ್ದು, ಹತ್ತರ ಹೆಸರಿಗೆ ನೂರನ್ನು ಕೊಟ್ಟರೆ, ಎಡಗೈಯ ಹಣ ಬಲಗೈಗೆ ಬಂದು ಸಂಪಾದನೆಯೆಂಬ ಹೆಸರು ಪಡೆಯುತ್ತದೆ.

ಪ್ಯಾರಿಸ್ ನಗರದ ಪ್ಯಾರಿಸ್ ಸೇಂಟ್ ಜರ್ಮೇನ್ ಕ್ಲಬ್ಬನ್ನು ೨೦೧೧ರಲ್ಲಿ ಕತಾರ್ ದೇಶದ ಸಂಸ್ಥೆಯೊಂದು ಕೊಂಡಿತು; ಮುಂದೆ ಅದೇ ದೇಶದ ಪ್ರವಾಸೋದ್ಯಮ ಪ್ರಾಧಿಕಾರವು ಕ್ಲಬ್ಬಿಗೆ ಭಾರಿ ಮೊತ್ತವನ್ನು ಪ್ರಾಯೋಜಕತ್ವವಾಗಿ ಕೊಟ್ಟಿತು. ಆ ಒಪ್ಪಂದದ ನ್ಯಾಯವಾದ ಬೆಲೆ ಅಷ್ಟಿಲ್ಲವೆಂದು ಒಕ್ಕೂಟವು ೨೦೧೪ರಲ್ಲಿ ನಿರ್ಣಯಿಸಿತು. ಅಬುಧಾಬಿಯ ರಾಜಮನೆತನದವರ ಒಡೆತನದ ಮ್ಯಾಂಚೆಸ್ಟರ್ ಸಿಟಿಯೂ ಅದೇ ವರುಷ ವಿಚಾರಣೆಗೆ ಗುರಿಯಾಯಿತು. ಎರಡಕ್ಕೂ ತಲಾ ೬ ಕೋಟಿ ಯೂರೋ ದಂಡ. ಅದರಲ್ಲಿ ೪ ಕೋಟಿಯನ್ನು ಷರತ್ತಿನ ಮೇಲೆ ಬಿಟ್ಟುಕೊಟ್ಟರು. ಸಿಟಿ ಕ್ಲಬ್ಬಿನ ಮೇಲೆ ಅದೇ ಬಗೆಯ ಆಪಾದನೆ ಮತ್ತೆ ಬಂದು, ೨೦೨೦ರ ಫೆಬ್ರವರಿಯಲ್ಲಿ ಅದನ್ನು ಎರಡು ವರುಷ ಯುರೋಪಿನ ಪಂದ್ಯಗಳಿಂದ ಹೊರಗಿಟ್ಟರು. ಕ್ಲಬ್ಬು ಆಪಾದನೆಯನ್ನು ಅಲ್ಲಗಳೆದು ಕ್ರೀಡಾ ನ್ಯಾಯಮಂಡಳಿಗೆ ಹೋಯಿತು. ಕೆಲವು ಆರೋಪಗಳು ರುಜುವಾತಾಗಲಿಲ್ಲ, ಕೆಲವಕ್ಕೆ ವಾಯಿದೆ ಮೀರಿದೆ ಎಂದು ಮಂಡಳಿಯು ಜುಲೈಯಲ್ಲಿ ಬಹಿಷ್ಕಾರವನ್ನು ರದ್ದುಗೊಳಿಸಿತು. ವಿಚಾರಣೆಗೆ ಸಹಕರಿಸಲಿಲ್ಲವೆಂಬ ಕಾರಣಕ್ಕೆ ೧ ಕೋಟಿ ಯೂರೋ ದಂಡವನ್ನು ಮಾತ್ರ ಉಳಿಸಿತು.

ಇನ್ನು ಎವರ್ಟನ್ ಎಂಬ ಹಳೆಯ ಕ್ಲಬ್ಬಿನ ಪಾಡನ್ನು ನೋಡಿರಿ. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ಮೂರು ವರುಷಗಳಿಗೆ ಕೂಡಿ ೧೦.೫ ಕೋಟಿ ಪೌಂಡುಗಳವರೆಗೆ ನಷ್ಟಕ್ಕೆ ಅವಕಾಶವಿತ್ತು. ಎವರ್ಟನ್ನಿನ ನಷ್ಟ ೧೨.೪೫ ಕೋಟಿಯಾಯಿತು. ರಷ್ಯಾದ ಸಿರಿವಂತನೊಬ್ಬನ ಕಂಪೆನಿಗಳೊಡನೆ ಅದಕ್ಕಿದ್ದ ಒಪ್ಪಂದಗಳು ೨೦೨೨ರ ಯುದ್ಧದಿಂದ ನಿಂತುಹೋಗಿದ್ದವು. ೨೦೨೩ರ ನವೆಂಬರಿನಲ್ಲಿ ಅದರ ೧೦ ಅಂಕಗಳನ್ನು ಕಳೆದರು. ಮೇಲ್ಮನವಿಯಲ್ಲಿ ಅದು ೬ಕ್ಕೆ ಇಳಿಯಿತು. ಸಿರಿವಂತನು ದಂಡ ಕಟ್ಟಿ, ಶ್ರೇಷ್ಠ ವಕೀಲರನ್ನಿಟ್ಟು ಪಾರಾಗಬಹುದು. ನಡುಮನೆಯವನು ಅಂಕಗಳನ್ನೇ ಕಳೆದುಕೊಳ್ಳುತ್ತಾನೆ.

ಬೇಲಿಯನ್ನು ಬಿಗಿಗೊಳಿಸುವ ಯತ್ನವೂ ನಡೆದಿದೆ. ನೆಂಟ ಕಂಪೆನಿಗಳ ಒಪ್ಪಂದವನ್ನು ಪೇಟೆಯ ಧಾರಣೆಯೊಡನೆ ಹೋಲಿಸಿ ನೋಡಬೇಕೆಂದು ಪ್ರೀಮಿಯರ್ ಲೀಗು ೨೦೨೧ರಲ್ಲಿ ನಿಯಮ ಮಾಡಿತು. ಆದರೆ ಧಣಿಯು ತನ್ನ ಕ್ಲಬ್ಬಿಗೆ ಬಡ್ಡಿಯಿಲ್ಲದೆ ಕೊಡುವ ಕೈಸಾಲವನ್ನು ಅದು ಗಣಿಸಿರಲಿಲ್ಲ. ಈ ಲೋಪವನ್ನು ೨೦೨೪ರಲ್ಲಿ ಪಂಚಾಯ್ತಿ ನ್ಯಾಯಮಂಡಳಿಯೊಂದು ಎತ್ತಿತೋರಿಸಿತು. ಸಂಬಳ, ಆಟಗಾರರ ಖರೀದಿ, ಮಧ್ಯವರ್ತಿಗಳ ದಳ್ಳಾಳಿ ಇವೆಲ್ಲ ಸೇರಿ ಆದಾಯದ ನೂರಕ್ಕೆ ಎಪ್ಪತ್ತನ್ನು ಮೀರಬಾರದೆಂಬ ಕಟ್ಟಳೆಯನ್ನು ಯುರೋಪಿನ ಒಕ್ಕೂಟವು ೨೦೨೨ರಲ್ಲಿ ಅಂಗೀಕರಿಸಿ, ಹಂತಹಂತವಾಗಿ ಜಾರಿಗೆ ತಂದಿತು.

ನಮ್ಮ ನಾಡಿಗೆ ಬರೋಣ. ಜೆ.ಎಸ್.ಡಬ್ಲ್ಯು. ಉಕ್ಕಿನ ಮನೆತನವು ೨೦೧೩ರಲ್ಲಿ ಸ್ಥಾಪಿಸಿದ ಬೆಂಗಳೂರು ಎಫ್.ಸಿ.ಯು ಮೊದಲ ಋತುವಿನಲ್ಲಿಯೇ ಐ-ಲೀಗನ್ನು ಗೆದ್ದು ಕನ್ನಡಿಗರ ಅಭಿಮಾನಕ್ಕೆ ಪಾತ್ರವಾಯಿತು. ೨೦೧೮-೧೯ರಲ್ಲಿ ಇಂಡಿಯನ್ ಸೂಪರ್ ಲೀಗನ್ನೂ ಗೆದ್ದಿತು. ಆರಂಭದಲ್ಲಿ ಆಟಗಾರರ ಎದೆಯ ಮೇಲೆ ಮೆರೆದುದು ಧಣಿಯ ಹೆಸರೇ. ಅದರಲ್ಲಿ ಮುಚ್ಚುಮರೆಯಿರಲಿಲ್ಲ, ನಿಯಮಭಂಗವೂ ಇರಲಿಲ್ಲ. ನಮ್ಮ ಲೀಗಿನ ಕ್ರಮವೇ ಬೇರೆ: ಆದಾಯವೆಷ್ಟೇ ಇರಲಿ, ಸಂಬಳಕ್ಕೆ ಎಲ್ಲರಿಗೂ ಒಂದೇ ಮಿತಿ. ಆದರೆ ಮಿತಿಯು ವೆಚ್ಚವನ್ನು ತಡೆದೀತೇ ಹೊರತು ಆದಾಯವನ್ನು ಹುಟ್ಟಿಸಲಾರದು. ೨೦೨೫ರಲ್ಲಿ ಲೀಗನ್ನು ನಡೆಸುವ ಒಪ್ಪಂದವು ಮುಂದುವರಿಯುವ ಭರವಸೆ ಇಲ್ಲದೆ ಪಂದ್ಯಾವಳಿಯೇ ತೂಗುಯ್ಯಾಲೆಯಲ್ಲಿ ನಿಂತಾಗ, ಆಗಸ್ಟಿನಲ್ಲಿ ಈ ಕ್ಲಬ್ಬು ತನ್ನ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ತಡೆಹಿಡಿಯಿತು. ಅದೇ ತಿಂಗಳಲ್ಲಿ ಹಣವಿಟ್ಟಾಡುವ ಆನ್‌ಲೈನ್ ಆಟಗಳನ್ನು ಪಾರ್ಲಿಮೆಂಟು ನಿಷೇಧಿಸಲು, ಭಾರತದ ಕ್ರಿಕೆಟ್ ತಂಡದ ಅಂಗಿಯ ಮೇಲಿದ್ದ ಪ್ರಾಯೋಜಕನ ಹೆಸರೂ ಅಳಿಸಿಹೋಯಿತು. ಒಬ್ಬನೇ ಪೋಷಕನನ್ನು ನೆಚ್ಚಿದ ಸಂಸಾರದ ಗತಿ ಎಲ್ಲೆಲ್ಲಿಯೂ ಇಷ್ಟೇ.

ಪೋರ್ಟ್ಸ್‌ಮತ್ ಕ್ಲಬ್ಬಿನ ಕಥೆಗೆ ಒಂದು ಉತ್ತರಾರ್ಧವುಂಟು. ಧಣಿಗಳು ಕೈಬಿಟ್ಟಾಗ, ೨೦೧೩ರಲ್ಲಿ ಊರಿನ ಅಭಿಮಾನಿಗಳು ತಾವೇ ಪಾಲುಹಣ ಕೂಡಿಸಿ ಅದನ್ನು ಕೊಂಡುಕೊಂಡರು. ನಾಲ್ಕು ವರುಷಗಳಲ್ಲಿ ಅದು ಸಾಲದ ಹೊರೆಯಿಂದ ಚೇತರಿಸಿಕೊಂಡು ಒಂದು ದರ್ಜೆ ಮೇಲೇರಿತು. ೧೯೭೩ರಲ್ಲಿ ಕ್ಯಾಂಪ್ಕೊವನ್ನು ಕಟ್ಟಿ, ೧೯೮೬ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನು ಕಂಡ ನಮ್ಮ ಕೃಷಿಕರಿಗೆ ಈ ಮಾರ್ಗದ ಬಲವನ್ನು ವಿವರಿಸಬೇಕಾಗಿಲ್ಲ.

ನಮ್ಮ ಯುವಕ ಮಂಡಲಗಳು ಕಬಡ್ಡಿ, ವಾಲಿಬಾಲ್ ಪಂದ್ಯಗಳನ್ನು ಏರ್ಪಡಿಸುವಾಗ ದಾನಿಗಳ ಹೆಸರುಗಳು ರಸ್ತೆಬದಿಯ ಫಲಕಗಳಲ್ಲಿ ತುಂಬಿರುತ್ತವೆ. ಇದು ತಪ್ಪಲ್ಲ, ಊರಿನವರ ಔದಾರ್ಯವಿಲ್ಲದೆ ಆಟವು ನಡೆಯದು. ಜಮಾಖರ್ಚಿನ ಪುಸ್ತಕದಲ್ಲಿ ಮಾತ್ರ ಸಂಪಾದನೆ, ದಾನ, ಸಾಲ ಎಂಬ ಮೂರು ಕಲಮುಗಳು ಬೇರೆ ಬೇರೆಯಾಗಿರಲಿ. ವರುಷಕ್ಕೊಮ್ಮೆ ಮಹಾಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಲಿ. ಯಾರು ಕೊಟ್ಟರು, ಏತಕ್ಕಾಗಿ ಕೊಟ್ಟರು, ಮುಂದಿನ ವರುಷ ಅವರು ಕೊಡದಿದ್ದರೆ ಏನು ಗತಿ ಎಂದು ಸಭೆಯಲ್ಲಿ ಒಬ್ಬರಾದರೂ ಕೇಳಲಿ. ಬಾಳೆಗೊನೆಯನ್ನು ಮೂರು ಸಾವಿರಕ್ಕೆ ಕೊಳ್ಳುವ ಭಕ್ತಿಯು ನಮ್ಮಲ್ಲಿ ಉಳಿಯಲಿ. ಅದರ ಬೆಲೆ ಮುನ್ನೂರೆಂಬ ಅರಿವೂ ಅದರೊಡನೆ ಉಳಿಯಲಿ.